ಎರಡು ಗಂಟು

ನಮ್ಮ ಸಾರಿ-ಜಾರ್ ಕಣಿವೆಯಲ್ಲಿ ಕುಡಿದವನನ್ನು 'ಕುಡಿದಿದ್ದಾನೆ' ಎಂದು ಯಾರೂ ಹೇಳುವುದಿಲ್ಲ. ಅದರಿಂದ ಏನೂ ತಿಳಿಯುವುದಿಲ್ಲ. ಎಷ್ಟು ಕುಡಿದಿದ್ದಾನೆ, ತಾನೇ ಮನೆ ಸೇರುತ್ತಾನೋ ಇಲ್ಲವೋ, ನಾವು ಕೂತಿರಬಹುದೋ ಎದ್ದು ಓಡಬೇಕೋ, ಇಷ್ಟೂ ಒಂದೇ ಮಾತಿನಲ್ಲಿ ತಿಳಿಯಬೇಕು. ಅದಕ್ಕೇ ಹಿಂದಿನವರು ಮೆಟ್ಟಿಲು ಮೆಟ್ಟಿಲಾಗಿ ಹೆಸರಿಟ್ಟಿದ್ದಾರೆ. ಈಗಿನ ಹುಡುಗರು ಅವನ್ನು ತಮಾಷೆಗೆ ಹೇಳುತ್ತಾರೆ. ಕಡೆಯ ಹೆಸರು ಹುಟ್ಟಿದ ದಿನ ನಾನು ಅಲ್ಲೇ ಇದ್ದೆ. ಅದನ್ನು ಯಾರಾದರೂ ನಗುತ್ತಾ ಹೇಳಿದರೆ ಇವತ್ತಿಗೂ ನನ್ನ ಅಂಗೈ ತಣ್ಣಗಾಗುತ್ತದೆ.

ಮೊದಲನೆಯದು 'ಗಾಳಿ ತಾಗಿದೆ'. ಎರಡು ಬಟ್ಟಲು ಕುಡಿದವನ ಮುಖ ಎದುರುಗಾಳಿಯಲ್ಲಿ ಕುದುರೆ ಓಡಿಸಿದವನ ಮುಖದ ಹಾಗೆ ಕೆಂಪಾಗಿರುತ್ತದೆ, ಅಷ್ಟೆ. ಅಂಥವನಿಗೆ ಟೀ ಇಟ್ಟರೆ ಸಾಕು. ಎರಡನೆಯದು 'ಟೋಪಿ ಹಗುರವಾಗಿದೆ'. ನಮ್ಮ ಕಡೆಯ ಗುಮಾಸ್ತನೊಬ್ಬ ಹಬ್ಬಕ್ಕೆ ಹೋದಲ್ಲೆಲ್ಲ ತನ್ನ ಟೋಪಿ ಬಿಟ್ಟು ಇನ್ನೊಬ್ಬರದ್ದು ಹಾಕಿಕೊಂಡು ಬರುತ್ತಿದ್ದನಂತೆ. ಮೂರನೆಯದು 'ಕುರಿ ಎಣಿಸುತ್ತಿದ್ದಾನೆ'. ಒಬ್ಬ ಕುರುಬ ಸಂಜೆ ತನ್ನ ಮಂದೆ ಎಣಿಸಿದಾಗ ಇದ್ದುದಕ್ಕಿಂತ ಹನ್ನೊಂದು ಹೆಚ್ಚು ಸಿಕ್ಕವಂತೆ. ಖುಷಿಯಾಗಿ, ಹೆಚ್ಚಾದ ಒಂದನ್ನು ಕೊಯ್ದು ನೆರೆಯವರಿಗೆಲ್ಲ ಊಟ ಹಾಕಿದ. ಬೆಳಿಗ್ಗೆ ನೋಡಿದರೆ ಒಂದು ಕಡಿಮೆ. ನಾಲ್ಕನೆಯದು 'ಕುದುರೆ ತಂದಿದೆ'. ಸವಾರನಿಗೆ ದಾರಿ ಗೊತ್ತಿಲ್ಲ, ಕುದುರೆಗೆ ಗೊತ್ತು. ಆಗ ಯಾರಾದರೂ ಎದುರು ಹೋಗಿ ಲಗಾಮು ಹಿಡಿಯಬೇಕು.

ಐದನೆಯದು 'ಗಂಟು'. ನಮ್ಮ ಅತ್ತೆ ಮದುವೆಯಾಗಿ ಬಂದ ವರ್ಷ ಒಬ್ಬ ಕುಡಿದು ಜೀನಿನಿಂದ ಹಿಮಕ್ಕೆ ಉರುಳಿದ. ಅವನನ್ನು ಎತ್ತಿದ್ದು ಹಿಮ ಕರಗಿದ ಮೇಲೆ. ಅಲ್ಲಿಂದ ಮುಂದೆ, ಕೂರಲಾರದಷ್ಟು ಕುಡಿದವನನ್ನು ಜೊತೆಯವರು ಜೀನಿಗೆ ಕಟ್ಟಿ ಕುದುರೆಯ ಬೆನ್ನು ತಟ್ಟಿ ಕಳಿಸುತ್ತಾರೆ. ಕುದುರೆ ಮನೆಗೆ ಹೋಗುತ್ತದೆ, ಮನುಷ್ಯ ಬೀಳುವುದಿಲ್ಲ. ಅದರಿಂದ ಬದುಕಿಕೊಂಡವರು ಎಷ್ಟೋ ಜನ. ಆದರೆ ಅದು ಚಳಿಗಾಲದ ಬುದ್ಧಿ. ಚಳಿಗಾಲದಲ್ಲಿ ಹೊಳೆ ಹೆಪ್ಪುಗಟ್ಟಿರುತ್ತದೆ.

ಇನ್ನೊಂದು ಮಾತು ಹೇಳಬೇಕು. ನಮ್ಮಲ್ಲಿ ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರು ಹಿಡಿಯುವುದಿಲ್ಲ, ಅವರ ಬಗ್ಗೆ ಒರಟು ಮಾತು ಆಡುವುದಿಲ್ಲ. ಮಾವ ಹೇಗಿದ್ದಾರೆ ಎಂದರೆ, ಅವರು ಎಷ್ಟೇ ಕುಡಿದಿರಲಿ, ಅವಳ ಬಾಯಲ್ಲಿ ಬರುವುದು 'ಗಾಳಿ ತಾಗಿದೆ' ಮಾತ್ರ. ಅದಕ್ಕೇ ಅನುಭವಸ್ಥ ಹೆಂಗಸರು ಸೊಸೆಯ ಮಾತಿಗೆ ತಾವೇ ಎರಡು ಮೆಟ್ಟಿಲು ಸೇರಿಸಿಕೊಳ್ಳುತ್ತಾರೆ. ನಾನೂ ಹಾಗೇ ಮಾಡಿಕೊಂಡು ಬಂದವಳು. ಆ ದಿನ ಮರೆತೆ.

ಸಾಮೂಹಿಕ ಬೇಸಾಯದ ಸಂಘ ಒಡೆದು, ಕುರಿ ಕುದುರೆಗಳನ್ನು ಮನೆಮನೆಗೆ ಹಂಚಿ ನಾಲ್ಕೈದು ವರ್ಷವಾಗಿತ್ತು. ಹೊಳೆಯ ಸೇತುವೆ ಕೊಚ್ಚಿಹೋಗಿತ್ತು. ಯಾರು ಕಟ್ಟಿಸುತ್ತಾರೆ ಎಂದು ಕೇಳುವುದನ್ನೂ ಜನ ಬಿಟ್ಟಿದ್ದರು. ನಾವು ಬೇಸಿಗೆಯ ಮೇವಿಗೆ ಮೇಲಿನ ಹುಲ್ಲುಗಾವಲಿಗೆ ಹೋಗಿ ಡೇರೆ ಹಾಕಿದ್ದೆವು. ನಮ್ಮದು ಒಂದು ಡೇರೆ, ನಮ್ಮ ಯಜಮಾನರ ಅಣ್ಣನದು ಪಕ್ಕದಲ್ಲಿ ಇನ್ನೊಂದು. ಆ ಹಿರಿಯರ ಹೆಸರನ್ನು ನಾನೂ ಹೇಳುವ ಹಾಗಿಲ್ಲ. ಭಾವ ಎನ್ನುತ್ತೇನೆ. ಭಾವನ ಹೆಂಡತಿ ತೀರಿಹೋಗಿದ್ದರು. ಮಗ ಕೆಳಗಿನ ಊರಿನಲ್ಲಿ ಹುಲ್ಲು ಕೊಯ್ಯುತ್ತಿದ್ದ. ಡೇರೆ ನೋಡಿಕೊಳ್ಳುತ್ತಿದ್ದವಳು ಸೊಸೆ ಜಿಪಾರ್. ಅವಳಿಗೆ ಒಬ್ಬಳೇ ಮಗಳು, ನಾಲ್ಕು ವರ್ಷದ ಬೆರ್ಮೆತ್.

ಆ ದಿನ ಹೊಳೆಯ ಆಚೆ, ನೆಂಟರ ಮಗು ಮೊದಲ ಹೆಜ್ಜೆ ಇಟ್ಟದ್ದಕ್ಕೆ ಹಬ್ಬ. ಭಾವ ಬೆಳಿಗ್ಗೆಯೇ ಮೊಮ್ಮಗಳನ್ನು ಜೀನಿನ ಮುಂದೆ ಕೂರಿಸಿಕೊಂಡು ಹೊರಟರು. ಜಿಪಾರ್ ಮಗಳ ತಲೆಗೆ ಕೆಂಪು ಬಟ್ಟೆ ಕಟ್ಟಿ, "ಬೇಗ ಬಂದ್ಬಿಡಿ ಮಾವ, ನೀರು ಏರೋಕೆ ಮುಂಚೆ" ಎಂದಳು. ಭಾವ, "ನನಗೆ ಹೊಳೆ ಕಲಿಸ್ತೀಯೇನಮ್ಮ" ಎಂದು ನಕ್ಕರು.

ಬೇಸಿಗೆಯಲ್ಲಿ ನಮ್ಮ ಹೊಳೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಬೆಳಿಗ್ಗೆ ಕುರಿಮರಿಯೂ ದಾಟುತ್ತದೆ. ಬಿಸಿಲೇರಿ ಮೇಲಿನ ಹಿಮ ಕರಗಿದಂತೆ ನೀರು ಬೂದಿ ಬಣ್ಣಕ್ಕೆ ತಿರುಗಿ ಉಬ್ಬುತ್ತದೆ. ಸಂಜೆಯ ಹೊತ್ತಿಗೆ ತಳದ ಬಂಡೆಗಳೇ ಉರುಳುತ್ತವೆ. ನೆಲದೊಳಗೆ ಯಾರೋ ಹಲ್ಲು ಕಡಿದಂತೆ ಸದ್ದು. ಆಗ ಇಳಿದ ಕುದುರೆಯ ಕಾಲು ಮುರಿಯುತ್ತದೆ, ಮುರಿದ ಮೇಲೆ ಅದು ಈಜುವುದಿಲ್ಲ.

ಮಧ್ಯಾಹ್ನ ಕಳೆದಿತ್ತು. ನಮ್ಮ ಡೇರೆಯಲ್ಲಿ ಎಸೆನ್‌ಕುಲ್ ಎಂಬ ಹಿರಿಯರು ಕೂತಿದ್ದರು. ಅವರ ಮಗಳನ್ನು ನಮ್ಮ ಎರಡನೇ ಮಗನಿಗೆ ತರುವ ಮಾತು ನಡೆದಿತ್ತು, ಮನೆ ನೋಡಿಕೊಂಡು ಹೋಗಲು ಬಂದಿದ್ದರು. ನಾನು ಹಿಟ್ಟಿನ ಉಂಡೆ ಬೋರ್ಸೋಕ್ ಕರಿದು ರಾಶಿ ಹಾಕಿದ್ದೆ. ನಮ್ಮವರು ಕುದುರೆ ಹಾಲು ಹುಳಿಸಿ ಮಾಡಿದ ಕುಮಿಸ್ ಬಗ್ಗಿಸಿ ಕೊಡುತ್ತಿದ್ದರು. ಆಗ ಜಿಪಾರ್ ಬಾಗಿಲ ಪರದೆ ಸರಿಸಿ ಒಳಗೆ ಬಂದಳು. ಹಾಲು ಕರೆಯುತ್ತಿದ್ದವಳು, ಕೈ ಇನ್ನೂ ಒದ್ದೆಯಾಗಿತ್ತು.

"ಯಾರೋ ಕುದುರೆ ನಿಲ್ಲಿಸಿದ ಹಾಗಿತ್ತು?" ನಮ್ಮವರು ಕೇಳಿದರು.

"ಮೇಲಿನ ಡೇರೆಯ ಮುಕಾಯ್ ಅಣ್ಣ. ಹಬ್ಬದಿಂದ ಮೊದ್ಲೇ ಹೊಳೆ ದಾಟಿ ಬಂದ್ರು. ಮಂದೆ ತಿರುಗಿಸ್ಬೇಕು ಅಂತ ಹಾಗೇ ಹೋದ್ರು."

"ನಮ್ಮಣ್ಣ ಎಲ್ಲಿ? ಹೇಗಿದ್ದಾನಂತೆ?"

ಜಿಪಾರ್ ಬೀಗರಾಗುವವರ ಕಡೆ ಒಮ್ಮೆ ನೋಡಿ ನೆಲ ನೋಡಿದಳು. "ಹಿಂದೆ ಬರ್ತಿದ್ದಾರಂತೆ. ಸ್ವಲ್ಪ ಗಾಳಿ ತಾಗಿದೆಯಂತೆ."

ಎಸೆನ್‌ಕುಲ್ ನಕ್ಕರು. "ಹಬ್ಬಕ್ಕೆ ಹೋಗಿ ಗಾಳೀನೂ ತಾಗಿಸ್ಕೊಳ್ದೆ ಬಂದ್ರೆ ಕರೆದವ್ರಿಗೆ ಅವಮಾನ ಅಲ್ವೇ? ನಾನಾಗಿದ್ರೆ ಟೋಪೀನೂ ಹಗುರ ಮಾಡ್ಕೊಂಡೇ ಬರ್ತಿದ್ದೆ."

"ನಿಮ್ಮ ಟೋಪಿ ಇವತ್ತು ನಮ್ಮನೇಲೇ ಹಗುರವಾಗುತ್ತೆ, ಕೂತ್ಕೊಳ್ಳಿ ಬೀಗರೇ" ಎಂದರು ನಮ್ಮವರು.

ನಾನೂ ನಕ್ಕೆ. "ಹೋಗು ತಾಯಿ, ಸಮೋವರ್ ಹಚ್ಚು. ಬಂದವರಿಗೆ ಬಿಸಿ ಟೀ ಇರಲಿ" ಎಂದೆ. ನನಗೆ ಆಗ ಬೇಕಾಗಿದ್ದದ್ದು ಮಗನ ಮದುವೆ. ಮನೆಯ ಹಿರಿಯರು ನೆಟ್ಟಗೆ ಕೂತು ಕುದುರೆಯ ಮೇಲೆ ಬರುತ್ತಿದ್ದಾರೆ ಎಂದು ನಂಬುವುದು ಬೇಕಾಗಿತ್ತು. ಬೇಕಾದದ್ದನ್ನು ನಂಬಿದೆ.

ಒಂದು ಬಟ್ಟಲು ಕುಮಿಸ್ ಕುಡಿದು ಮುಗಿಸುವಷ್ಟು ಹೊತ್ತಾಗಿರಬಹುದು. ಹೊರಗಿನಿಂದ ಸುಟ್ಟ ತಗಡಿನ ವಾಸನೆ ಬಂತು. ಎದ್ದು ಹೋಗಿ ನೋಡಿದರೆ ಜಿಪಾರ್ ಸಮೋವರ್ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆಂಡ ತುಂಬುತ್ತಿದ್ದಾಳೆ, ಒಳಗೆ ಒಂದು ಹನಿ ನೀರಿಲ್ಲ. ಬಾಯಿ ಅಲುಗುತ್ತಿದೆ, ಮಾತಿಲ್ಲ. ಅವಳ ಕಣ್ಣು ಕೆಳಗಿನ ಹೊಳೆಯ ದಿಕ್ಕಿನಲ್ಲಿತ್ತು.

ಸೊಸೆಯ ಮಾತಿಗೆ ಮೆಟ್ಟಿಲು ಸೇರಿಸಿಕೊಳ್ಳದೆ ಬಿಟ್ಟದ್ದು ಆಗ ನೆನಪಾಯಿತು.

ಅವಳ ಪಕ್ಕ ಕೂತೆ. "ಜಿಪಾರ್, ಎಷ್ಟು?"

"ಹೇಳಿದ್ನಲ್ಲ ಚಿಕ್ಕತ್ತೆ."

"ನೀನು ಹೇಳ್ಬೇಡ. ನಾನು ಹೇಳ್ತಾ ಹೋಗ್ತೀನಿ, ಸರಿಯಾದಾಗ ತಲೆ ಆಡ್ಸು. ಟೋಪಿ?"

ಸುಮ್ಮನಿದ್ದಳು.

"ಕುರಿ?"

ಸುಮ್ಮನಿದ್ದಳು. ಇಕ್ಕಳದಿಂದ ಇನ್ನೊಂದು ಕೆಂಡ ಎತ್ತಿ ಹಾಕಿದಳು.

"ಕುದುರೆ?"

ಅವಳು ಕಣ್ಣು ಮುಚ್ಚಿಕೊಂಡಳು.

"ಗಂಟು?"

ತಲೆ ಆಡಿಸಿದಳು.

ನಾನು ಡೇರೆಯೊಳಗೆ ತಲೆ ಹಾಕಿ, "ರೀ, ಅಲ್ಲಿ ಗಾಳಿಯಲ್ಲ, ಗಂಟು! ನಾವು ಹೊಳೆಗೆ ಹೋಗ್ತೀವಿ, ಕುದುರೆ ಹಿಡ್ಕೊಂಡು ಹಿಂದೇನೇ ಬನ್ನಿ. ಹಗ್ಗ, ಚೂರಿ ತನ್ನಿ" ಎಂದು ಕೂಗಿದೆ. ಬೀಗರ ಬಟ್ಟಲು ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಜೀನು ಹಾಕಿದ್ದ ಕುದುರೆಗಳು ಎರಡೇ ಇದ್ದವು, ಬೀಗರದು ಮತ್ತು ನಮ್ಮವರದು. ಕೇಳಲಿಲ್ಲ, ಬಿಚ್ಚಿದೆ. ಬೀಗರದ್ದಕ್ಕೆ ಜಿಪಾರ್ ಹತ್ತಿದಳು. ಉಳಿದ ಕುದುರೆಗಳು ಗುಡ್ಡದ ಆಚೆ ಮೇಯುತ್ತಿದ್ದವು. ಗಂಡಸರು ಅವನ್ನು ಹಿಡಿದು ತರಬೇಕಾಗಿತ್ತು.

ಹೊಳೆಗೆ ಅರ್ಧ ಗಂಟೆಯ ದಾರಿ. ಇಳಿಜಾರಿನಲ್ಲಿ ಬಿಟ್ಟುಕೊಂಡು ಹೋದೆವು. ನಾನೇ ಧೈರ್ಯ ಹೇಳೋಣವೆಂದು, "ನಿನ್ನ ಮಗಳು ಜಾಣೆ. ಕುದುರೆ ದಡದಲ್ಲಿ ನಿಂತಾಗ ಅವಳೇ ಕೆಳಗೆ ಜಾರ್ಕೊಂಡು ಇಳೀತಾಳೆ. ಕಲ್ಲಿನ ಮೇಲೆ ಕೂತಿರ್ತಾಳೆ ನೋಡು" ಎಂದೆ.

"ಇಳಿಯೋಕಾಗಲ್ಲ ಚಿಕ್ಕತ್ತೆ."

"ಯಾಕೆ?"

"ಮಗು ಬೀಳ್ಬಾರ್ದು ಅಂತ ಅವಳನ್ನೂ ಕಟ್ಟಿದ್ದಾರೆ. ನಡುಪಟ್ಟಿಯಿಂದ ಅವರ ಎದೆಗೇ ಬಿಗಿದಿದ್ದಾರೆ. ಮುಕಾಯ್ ಅಣ್ಣ ಹೆಮ್ಮೆಯಿಂದ ಹೇಳಿದ್ರು, 'ಹೆದರ್ಬೇಡ ತಂಗಿ, ಗಂಟು ನಾನೇ ಹಾಕ್ದೆ, ಎತ್ತು ಎಳೆದ್ರೂ ಬಿಚ್ಚಲ್ಲ' ಅಂತ."

ನಾನು ಕುದುರೆಗೆ ಬಾರುಕೋಲಿನಿಂದ ಇನ್ನೊಂದು ಬಾರಿಸಿದೆ. ಅಷ್ಟರಲ್ಲಿ ಹೊಳೆಯ ಸದ್ದು ಕೇಳತೊಡಗಿತು. ಕಿವಿಗಿಂತ ಮೊದಲು ಕುದುರೆಯ ಕಾಲುಗಳಿಗೆ ತಿಳಿಯಿತು. ಅವು ಹೆಜ್ಜೆ ಚಿಕ್ಕದು ಮಾಡಿದವು.

ದಾಟುವ ಜಾಗದಲ್ಲಿ ನಮ್ಮ ಕಡೆ ಒಂದು ಮಣ್ಣಿನ ದಿಬ್ಬ ಇದೆ. ಅದನ್ನು ಹತ್ತಿದೊಡನೆ ಎಲ್ಲವೂ ಕಾಣಿಸಿತು. ಆಚೆ ದಡದ ಗರಸಿನ ಮೇಲೆ ಭಾವನ ಮುದಿ ಕಂದು ಕುದುರೆ ತಲೆ ತಗ್ಗಿಸಿ ನಿಂತಿತ್ತು. ಬುದ್ಧಿವಂತ ಪ್ರಾಣಿ, ನೀರಿಗಿಳಿದಿರಲಿಲ್ಲ. ಭಾವ ಅದರ ಕತ್ತಿನ ಮೇಲೆ ಒರಗಿದ್ದರು, ನೇತುಹಾಕಿದ ಕೋಟಿನ ಹಾಗೆ. ಅವರ ಎದೆಯ ಕೆಳಗಿಂದ ಒಂದು ಕೆಂಪು ಬಟ್ಟೆ ಇಣುಕುತ್ತಿತ್ತು. ನಡುವೆ ಇನ್ನೂರು ಹೆಜ್ಜೆ ಅಗಲದ ಬೂದು ನೀರು, ಅದರೊಳಗೆ ಉರುಳುವ ಬಂಡೆಗಳು.

"ಬದುಕಿದಳು" ಎಂದೆ.

ಅದೇ ಗಳಿಗೆಯಲ್ಲಿ ಕೆಂಪು ಬಟ್ಟೆ ಮೇಲೆದ್ದಿತು. ಬೆರ್ಮೆತ್ ಅಮ್ಮನನ್ನು ನೋಡಿದಳು. ಕೂಗಿದಳೋ ಏನೋ, ಹೊಳೆ ಕೇಳಿಸಗೊಡಲಿಲ್ಲ. ಬಾಯಿ ತೆರೆದದ್ದು ಕಂಡಿತು. ಆಮೇಲೆ ಅವಳ ಎರಡು ಪುಟ್ಟ ಬೂಟು ಕುದುರೆಯ ಹೆಗಲಿಗೆ ಬಡಿಯತೊಡಗಿದವು. ನಮ್ಮ ಮಕ್ಕಳಿಗೆ ನಡೆಯುವುದಕ್ಕಿಂತ ಮೊದಲು ಕುದುರೆ ಹೊಡೆಯಲು ಕಲಿಸಿರುತ್ತೇವೆ. ಅವಳು 'ಚೂ, ಚೂ' ಎನ್ನುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಅತ್ತ ಕಂದು ಕುದುರೆಯೂ ಕಿವಿ ನಿಮಿರಿಸಿತು. ನಾನು ಕೂತಿದ್ದದ್ದು ಅದರ ಜೊತೆಗೇ ಬೆಳೆದ ಕುದುರೆ. ಇದು ಹೇಂಕರಿಸಿತು. ಅದು ನೀರಿಗೆ ಒಂದು ಕಾಲಿಟ್ಟಿತು, ಇನ್ನೊಂದು ಇಟ್ಟಿತು.

ಜಿಪಾರ್ ಎರಡೂ ಕೈ ಎತ್ತಿ, "ಬೇಡ! ನಿಲ್ಲು! ನಿಲ್ಲೇ!" ಎಂದು ಕೂಗಿದಳು. ದೂರದಿಂದ ನೋಡುವ ಮಗುವಿಗೆ ಅಮ್ಮ ಕೈಬೀಸಿ ಕರೆದ ಹಾಗೆ ಕಂಡಿರಬೇಕು. ಬೂಟುಗಳು ಇನ್ನೂ ಜೋರಾಗಿ ಬಡಿದವು. ನೀರು ಕುದುರೆಯ ಹೊಟ್ಟೆಗೆ ಬಂತು.

"ತಿರುಗ್ಸು!" ಎಂದೆ ನಾನು. "ನಾವು ನಿಂತಷ್ಟೂ ಅದು ಬರುತ್ತೆ. ತಿರುಗ್ಸು ಕುದುರೇನ. ದಿಬ್ಬದ ಹಿಂದಕ್ಕೆ ನಡಿ!"

"ಅವಳು ನನ್ನ ನೋಡ್ತಿದ್ದಾಳೆ."

"ಅದಕ್ಕೇ ಹೇಳಿದ್ದು!"

ಅವಳು ಅಲುಗಲಿಲ್ಲ. ನಾನು ಬಾರುಕೋಲು ಎತ್ತಿ ಬೀಗರ ಕುದುರೆಯ ಹಿಂಗಾಲಿಗೆ ಬಾರಿಸಿದೆ. ಅದು ಹೌಹಾರಿ ತಿರುಗಿ ದಿಬ್ಬದ ಕೆಳಕ್ಕೆ ಓಡಿತು. ನಾನೂ ಹಿಂದೆ ಓಡಿಸಿದೆ. ತಿರುಗುವಾಗ ಕಂಡದ್ದನ್ನು ಹೇಳುತ್ತೇನೆ. ಮಗು ಬಡಿಯುವುದನ್ನು ನಿಲ್ಲಿಸಿತ್ತು. ಬಾಯಿ ತೆರೆದೇ ಇತ್ತು.

ದಿಬ್ಬದ ಹಿಂದೆ ಇಳಿದು ಎರಡೂ ಕುದುರೆಗಳ ಮೂಗಿನ ಮೇಲೆ ಕೈಯಿಟ್ಟು ಹಿಡಿದುಕೊಂಡೆ. ಮತ್ತೆ ಹೇಂಕರಿಸಿದರೆ ಕತೆ ಮುಗಿದಂತೆ. "ನೀನು ಮೇಲೆ ಹೋಗು. ಹೊಟ್ಟೆ ಮೇಲೆ ತೆವಳ್ಕೊಂಡು ಹೋಗು. ಅಲ್ಲಿ ಮಾಚಿಪತ್ರೆಯ ಪೊದೆ ಇದೆ, ಅದರ ಸಂದಿಯಿಂದ ನೋಡು. ತಲೆ ಎತ್ತಬೇಡ. ನನಗೆ ಕಾಣಲ್ಲ, ಕೇಳಲ್ಲ. ನಿನ್ನ ಕೈ ಬೆನ್ನ ಮೇಲೆ ಇಟ್ಕೋ. ಕುದುರೆ ದಡದ ಮೇಲಿದ್ರೆ ಅಂಗೈ ಬಿಚ್ಚಿಡು. ನೀರಿಗಿಳಿದ್ರೆ ಮುಷ್ಟಿ ಹಿಡಿ."

ಅವಳು ತೆವಳಿಕೊಂಡು ಹೋದಳು. ಬೆನ್ನ ಮೇಲೆ ಕೈ ಬಂತು. ಮುಷ್ಟಿ.

ಕುದುರೆಗಳ ಬಿಸಿ ಉಸಿರು ನನ್ನ ಎರಡೂ ಅಂಗೈಗೆ ಬೀಳುತ್ತಿತ್ತು. ಬೇರೇನೂ ಮಾಡಲು ಇರಲಿಲ್ಲ, ಆ ಮುಷ್ಟಿಯನ್ನು ನೋಡುವುದಷ್ಟೆ. ನೆಲದೊಳಗೆ ಬಂಡೆ ಉರುಳಿದಾಗ ನನ್ನ ಹಲ್ಲುಗಳಿಗೆ ಗೊತ್ತಾಗುತ್ತಿತ್ತು. ಒಂದೊಂದು ಸಲವೂ, ಇದೇ ಆ ಬಂಡೆಯೇನೋ ಎನ್ನಿಸುತ್ತಿತ್ತು. ಮುಷ್ಟಿ ಹಾಗೇ ಇತ್ತು. ನಾನು ಉಪ್ಪಿನ ಚೀಲ, ಕರಿದ ಎಣ್ಣೆ, ಹಟ್ಟಿಯ ಬಾಗಿಲು, ಏನೇನೋ ನೆನೆಸಿಕೊಂಡೆ. ಹೆದರಿದಾಗ ಮನಸ್ಸು ಕಸ ಗುಡಿಸಲು ಹೋಗುತ್ತದೆ.

ಮುಷ್ಟಿ ನಿಧಾನವಾಗಿ ಬಿಚ್ಚಿತು. ಐದು ಬೆರಳು. ಕುದುರೆ ಹಿಂದೆ ಸರಿದಿತ್ತು.

ಆಮೇಲೆ ಎಷ್ಟೋ ಹೊತ್ತು ಅಂಗೈ ಹಾಗೇ ಇತ್ತು. ಒಮ್ಮೆ ಮತ್ತೆ ಮುಷ್ಟಿಯಾಯಿತು, ಮತ್ತೆ ಬಿಚ್ಚಿತು. ಭಾವ ಒಂದು ಸಲವೂ ತಲೆ ಎತ್ತಲಿಲ್ಲವೆಂದು ಜಿಪಾರ್ ಆಮೇಲೆ ಹೇಳಿದಳು.

ಗಂಡಸರು ಬರುವ ಸದ್ದು ಕೇಳಿಸಿತು. ನಾನು ತಲೆಯ ಬಟ್ಟೆ ಎಳೆದು ಬೀಸಿ, ದಿಬ್ಬ ಹತ್ತದಂತೆ ಅವರನ್ನು ಕೆಳಗೇ ನಿಲ್ಲಿಸಿದೆ. ಇದ್ದದ್ದನ್ನು ಹೇಳಿದೆ. ಜಿಪಾರ್ ಕೂಡ ತೆವಳಿಕೊಂಡು ಕೆಳಗೆ ಬಂದಳು. ಮೊಣಕೈ ತರಚಿ ಮಣ್ಣಾಗಿತ್ತು.

ನಮ್ಮವರು ಗಡ್ಡ ನೀವಿಕೊಂಡರು. "ಗಂಟು ಹಾಕಿದ್ದಾರಲ್ಲ, ಬೀಳಲ್ಲ. ಕುದುರೆಗೂ ಬುದ್ಧಿ ಇದೆ. ನಾವು ಕಾಣಿಸ್ಕೊಳ್ಳದೆ ಇದ್ರೆ ಅಲ್ಲೇ ಮೇಯ್ತಿರುತ್ತೆ. ಬೆಳಗಾಗೋ ಹೊತ್ತಿಗೆ ನೀರು ಇಳಿಯುತ್ತೆ, ಆಗ ದಾಟೋಣ."

"ಮೇಲೆ ಹೊಳೆ ಮೂರು ಕವಲಾಗುತ್ತಲ್ಲ, ಅಲ್ಲಿ?" ನಾನು ಕೇಳಿದೆ.

"ಈ ಹೊತ್ತಲ್ಲಿ ಅದೂ ಸುಲಭ ಅಲ್ಲ. ಒಂದು ಕವಲು ದಾಟಬಹುದು, ಮೂರನೇದರಲ್ಲಿ ಕೊಚ್ಕೊಂಡು ಹೋದ್ರೆ ನಾವೂ ಸತ್ತ ಹಾಗೆ. ಬೀಗರು ಬೇರೆ ಜೊತೇಲಿದ್ದಾರೆ. ಸುಮ್ನೆ ಒಂದು ಗಂಟಿಗೆ ಎಷ್ಟು ಜನ..."

"ಒಂದಲ್ಲ."

ಜಿಪಾರ್ ಹೇಳಿದ್ದು. ಮದುವೆಯಾಗಿ ಬಂದ ಐದು ವರ್ಷದಲ್ಲಿ ಅವಳು ಹಿರಿಯರ ಮಾತಿನ ನಡುವೆ ಬಾಯಿ ಹಾಕಿದ್ದನ್ನು ನಾನು ಕೇಳಿರಲಿಲ್ಲ.

"ಒಂದು ಗಂಟಲ್ಲ, ಎರಡು ಗಂಟು. ಅವನನ್ನ ಜೀನಿಗೆ ಕಟ್ಟಿದ್ದಾರೆ, ನನ್ನ ಮಗಳನ್ನ ಅವನಿಗೆ ಕಟ್ಟಿದ್ದಾರೆ. ಆ ಮುದುಕ ಮುಳುಗಿದ್ರೆ ಒಬ್ನೇ ಮುಳುಗಲ್ಲ. ಸಂಜೆಯಾಗ್ತಿದ್ದ ಹಾಗೆ ಆ ಕುದುರೆ ಮನೆ ಕಡೆ ಹೊರಡುತ್ತೆ, ದಿನಾ ಹೊರಡೋ ಹಾಗೆ. ಆಗ ನಾವು ಅಡಗಿ ಕೂತ್ರೂ ನಿಲ್ಲಲ್ಲ. ನೀವು ಬೆಳಗಾಗೋವರೆಗೆ ಕಾಯ್ತೀರಾ? ಕಾಯಿರಿ. ನಾನು ಈಗ ಹೋಗ್ತೀನಿ."

ಮಾವನನ್ನು ಅವಳು 'ಅವನು' ಎಂದಳು. ನಮ್ಮವರು ಮುಖ ಬೇರೆ ಕಡೆ ತಿರುಗಿಸಿದರು. ಯಾರೂ ಗದರಲಿಲ್ಲ. ಮೊದಲು ಲಗಾಮು ಎಳೆದವರು ಎಸೆನ್‌ಕುಲ್.

"ನಡೀರಿ ಬೀಗರೇ. ಎರಡು ಗಂಟು ಅಂದ್ರೆ ಕೂತು ಯೋಚ್ನೆ ಮಾಡೋದಲ್ಲ" ಎಂದರು. "ಅಮ್ಮಾ, ನೀನು ಇಲ್ಲೇ ಇರು. ನೀನು ಕಂಡ್ರೆ ಮಗು ಮತ್ತೆ ಕುದುರೆ ಹೊಡೆಯುತ್ತೆ. ನನ್ನ ಅದು ಗುರುತು ಹಿಡಿಯಲ್ಲ, ಅದೇ ಒಳ್ಳೇದು."

ಅವರಿಬ್ಬರೂ ಮೇಲಿನ ದಾರಿ ಹಿಡಿದು ಹೋದರು. ಜಿಪಾರ್ ಮತ್ತೆ ದಿಬ್ಬಕ್ಕೆ ತೆವಳಿದಳು. ನಾನು ಮತ್ತೆ ಕುದುರೆಗಳ ಮೂಗು ಹಿಡಿದು ನಿಂತೆ.

ಆ ಹೊತ್ತನ್ನು ನಾನು ಅಳೆಯಲಾರೆ. ಬಿಸಿಲು ಇನ್ನೂ ಇತ್ತು, ಆದರೆ ಬಣ್ಣ ಬದಲಾಗಿತ್ತು. ಪಶ್ಚಿಮದ ಬೆಟ್ಟದ ನೆರಳು ಹೊಳೆಯ ಕಡೆ ಸರಿಯುತ್ತಿತ್ತು. ಅಂಗೈ ಬಿಚ್ಚಿಯೇ ಇತ್ತು. ನೆರಳು ನನ್ನ ಕಾಲ ಬಳಿಯಿಂದ ದಿಬ್ಬಕ್ಕೆ ಹತ್ತಿತು, ಜಿಪಾರ್‌ಳ ಬೆನ್ನಿನ ಮೇಲೆ ಹಾಯಿತು. ಅದು ಆಚೆ ದಡ ಮುಟ್ಟಿದ ಹೊತ್ತಿಗೇ ಇರಬೇಕು, ಅಂಗೈ ಮುಚ್ಚಿತು.

ಮುಷ್ಟಿ. ನಾನು ಎಣಿಸಿದೆ, ಇಪ್ಪತ್ತು, ನಲವತ್ತು, ನೂರು. ಬಿಚ್ಚಲಿಲ್ಲ. ಗೆಣ್ಣುಗಳು ಬೆಳ್ಳಗಾಗುವುದು ಅಷ್ಟು ದೂರದಿಂದಲೂ ಕಂಡಿತು. ಕುದುರೆ ಮನೆಗೆ ಹೊರಟಿತ್ತು.

ಇದ್ದಕ್ಕಿದ್ದಂತೆ ಜಿಪಾರ್ ಎದ್ದು ನಿಂತಳು. ಅಡಗುವುದು ಗಿಡಗುವುದು ಎಲ್ಲ ಬಿಟ್ಟು ಹೊಳೆಗೆ ಓಡಿದಳು. ನಾನು ಲಗಾಮು ಕೈಬಿಟ್ಟು ದಿಬ್ಬ ಹತ್ತಿದೆ.

ನೀರು ಜೀನಿನ ಅಂಚಿಗೆ ಬಂದಿತ್ತು. ಕುದುರೆ ಕತ್ತು ಮೇಲೆ ಮಾಡಿ, ಹೊಳೆಗೆ ಓರೆಯಾಗಿ ಕೆಳಕ್ಕೆ ಜಾರುತ್ತಿತ್ತು. ಭಾವನ ಒಂದು ಕೈ ನೀರಿನಲ್ಲಿ ತೇಲುತ್ತಿತ್ತು. ಕೆಂಪು ಬಟ್ಟೆ ಅವರ ಗಡ್ಡದ ಕೆಳಗೆ, ನೀರಿಗೆ ಒಂದು ಗೇಣು ಮೇಲೆ. ಮೇಲಿನ ಕವಲುಗಳನ್ನು ದಾಟಿ ಆಚೆ ದಡ ಸೇರಿದ್ದ ಇಬ್ಬರು ಸವಾರರು ಅವರ ಹಿಂದೆಯೇ ನೀರಿಗೆ ಕುದುರೆ ನುಗ್ಗಿಸಿದ್ದರು. ಮುಂದಿದ್ದವರು ಎಸೆನ್‌ಕುಲ್. ಅವರ ಹಗ್ಗ ಒಂದು ಸಲ ಬೀಸಿ ತಪ್ಪಿತು. ಎರಡನೆಯ ಸಲ ಬೀಸಲಿಲ್ಲ. ಕುದುರೆಯನ್ನೇ ಪಕ್ಕಕ್ಕೆ ನುಗ್ಗಿಸಿ ಕೈಯಲ್ಲೇ ಲಗಾಮು ಹಿಡಿದರು. ಮೂರೂ ಕುದುರೆಗಳು ಒಂದಕ್ಕೊಂದು ಒರಗಿಕೊಂಡು ಸ್ವಲ್ಪ ದೂರ ಕೊಚ್ಚಿಕೊಂಡು ಹೋದವು. ಆಮೇಲೆ ಅವುಗಳ ಕಾಲಿಗೆ ನೆಲ ಸಿಕ್ಕಿತು. ಆಚೆ ದಡವೇ ಸಿಕ್ಕಿತು.

ನಮ್ಮವರು ಚೂರಿ ತೆಗೆದದ್ದು ಕಂಡಿತು. ಒದ್ದೆ ಗಂಟು ಬಿಚ್ಚುವ ಮಾತೇ ಇರಲಿಲ್ಲ. ಎರಡನೆಯ ಗಂಟನ್ನು ಮೊದಲು ಕೊಯ್ದರು. ಮಗುವನ್ನು ಎಳೆದು ತಮ್ಮ ಕೋಟಿನೊಳಗೆ ಹಾಕಿಕೊಂಡು, ಟೋಪಿ ಎತ್ತಿ ಮೂರು ಸಲ ಬೀಸಿದರು. ಬದುಕಿದೆ ಎಂದು. ಮೊದಲನೆಯ ಗಂಟನ್ನು ಕೊಯ್ಯುವಾಗ ಭಾವ ಕಣ್ಣು ಬಿಟ್ಟು, "ಏನ್ರೋ, ಮನೆ ಬಂತಾ?" ಎಂದರಂತೆ.

ಅವರು ಆ ಸಂಜೆ ದಾಟಲು ಆಗಲಿಲ್ಲ. ಹಬ್ಬದ ಮನೆಯಲ್ಲೇ ಉಳಿದರು. ಜಿಪಾರ್ ದಡ ಬಿಟ್ಟು ಬರಲಿಲ್ಲ. ನಾನೂ ಡೇರೆಗೆ ಹೋಗಿ ಕಂಬಳಿ ತಂದು ಅವಳ ಪಕ್ಕ ಕೂತೆ.

ಬೆಳಿಗ್ಗೆ ಹೊಳೆ ತಿಳಿಯಾಗಿ, ಮೊಣಕಾಲುದ್ದ ಹರಿಯುತ್ತಿತ್ತು, ಏನೂ ಅರಿಯದ ಹಾಗೆ. ಮೊದಲು ಬೀಗರು ದಾಟಿದರು, ಆಮೇಲೆ ನಮ್ಮವರು, ಅವರ ಮುಂದೆ ಬೆರ್ಮೆತ್. ಭಾವ ಕುದುರೆ ಹತ್ತಿರಲಿಲ್ಲ. ಆ ಕೊರೆಯುವ ನೀರಿನಲ್ಲಿ ಲಗಾಮು ಹಿಡಿದು ನಡೆದೇ ಬಂದರು. ಜಿಪಾರ್ ಎದುರು ನಿಂತರು. ಅವಳು ದಿನವೂ ಬೆಳಿಗ್ಗೆ ಮಾವನಿಗೆ ಬಾಗಿ ನಮಸ್ಕಾರ ಮಾಡುತ್ತಿದ್ದವಳು, ಅವತ್ತು ಬಾಗಲಿಲ್ಲ.

"ಎಷ್ಟು ಗಂಟು ಅಂದ್ಯಂತೆ?" ಭಾವ ಕೇಳಿದರು.

"ಎರಡು."

"ಹೂಂ" ಎಂದರು. ಮತ್ತೆ ಏನೂ ಕೇಳದೆ ಗುಡ್ಡ ಹತ್ತಿ ಹೋದರು.

ಆ ಮಾತನ್ನು ಕಣಿವೆಗೆಲ್ಲ ಹಂಚಿದವರು ಬೀಗರು. ಅವರು ತಮಾಷೆಗೆ ಹೇಳಿರಲಾರರು. ಈಗ, ಕುಡಿದು ಜೊತೆಗೆ ಇನ್ನೊಂದು ಜೀವವನ್ನು ಕಟ್ಟಿಕೊಂಡು ಹೊರಟವನು 'ಎರಡು ಗಂಟು'. ಕುಡಿದು, ಜನರನ್ನು ಹತ್ತಿಸಿಕೊಂಡು ಲಾರಿ ಓಡಿಸುವವರಿಗೂ ಅದೇ ಹೆಸರು. ಸೊಸೆಯಂದಿರಿಗೆ ಅದೊಂದನ್ನು ಮಾತ್ರ ಯಾರ ಮುಂದೆಯೂ, ಯಾರ ಬಗ್ಗೆಯೂ ನೇರವಾಗಿ ಹೇಳುವ ಹಕ್ಕಿದೆ. ಅದಕ್ಕೆ ಯಾರೂ ಮೆಟ್ಟಿಲು ಸೇರಿಸಿಕೊಳ್ಳಬೇಕಾಗಿಲ್ಲ.

ಆದರೆ ಬೆರ್ಮೆತ್ ಅಮ್ಮನ ಹತ್ತಿರ ಹೋಗಲಿಲ್ಲ. ಜಿಪಾರ್ ಕೈ ಚಾಚಿದರೆ ನನ್ನ ಲಂಗದ ಹಿಂದೆ ಸರಿದಳು. "ನೀನು ನನ್ನ ನೋಡಿ ಓಡೋದೆ" ಎಂದಳು, ಅಷ್ಟೇ. ಒಂದು ದಿನ ಹೋಯಿತು, ಮೂರು ದಿನ ಹೋಯಿತು. ನನ್ನ ಪಕ್ಕದಲ್ಲೇ ಮಲಗಿದಳು. ಅಮ್ಮ ಕೊಟ್ಟ ರೊಟ್ಟಿಯನ್ನು ನನ್ನ ಕೈಯಿಂದ ತಿಂದಳು. ಜಿಪಾರ್ ಹಾಲು ಕರೆಯುವಾಗ ದೂರದಿಂದ ಮಗಳನ್ನು ನೋಡುತ್ತಿದ್ದ ನೋಟ ಇದೆಯಲ್ಲ, ಅದನ್ನು ಕಂಡು ಹೆದರಿದಷ್ಟು ನಾನು ಹೊಳೆಯ ದಂಡೆಯಲ್ಲಿ ಕೂಡ ಹೆದರಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮಗುವನ್ನು ನನ್ನ ಕುದುರೆಯ ಮೇಲೆ ಕೂರಿಸಿಕೊಂಡು ದಿಬ್ಬಕ್ಕೆ ಹೋದೆ. ಮಾಚಿಪತ್ರೆಯ ಪೊದೆ ಒತ್ತಿಹೋಗಿತ್ತು. ಮಣ್ಣಿನಲ್ಲಿ ಮೊಣಕೈಯ ಎರಡು ಗುಳಿ, ಮೊಣಕಾಲಿನ ಎರಡು ಗುಳಿ ಇನ್ನೂ ಇದ್ದವು.

"ಇಲ್ಲಿ ಮಲಗು" ಎಂದೆ. "ಈ ಗುಳಿಯಲ್ಲಿ ಕೈ ಇಡು. ಈಗ ಸಂದಿಯಿಂದ ನೋಡು."

ಅವಳು ಮಲಗಿ ನೋಡಿದಳು. ತುಂಬಾ ಹೊತ್ತು ನೋಡಿದಳು.

"ಆ ಕಲ್ಲು ಕಾಣುತ್ತೆ. ನಾನಿದ್ದ ಕಡೆ."

"ಕಾಣ್ಬೇಕಲ್ಲ. ನಿಮ್ಮಮ್ಮ ಎಲ್ಲಿಗೂ ಓಡಿಹೋಗಿರ್ಲಿಲ್ಲ. ಇಲ್ಲೇ ಇದ್ಲು. ನಿನ್ನನ್ನೇ ನೋಡ್ತಿದ್ಲು."

"ಎಲ್ಲಾ ಹೊತ್ತೂನಾ?"

"ಎಲ್ಲಾ ಹೊತ್ತೂ."

"ಮತ್ತೆ ಯಾಕೆ ಕರೀಲಿಲ್ಲ?"

"ಕರೆದಿದ್ರೆ ನೀನು ಏನ್ಮಾಡ್ತಿದ್ದೆ?"

ಬೆರ್ಮೆತ್ ಯೋಚಿಸಿದಳು. ಗಲ್ಲದ ಕೆಳಗೆ ಮಣ್ಣು ಮೆತ್ತಿತ್ತು. "ಬಂದ್ಬಿಡ್ತಿದ್ದೆ" ಎಂದಳು. ಆಮೇಲೆ ನೀರಿನ ಕಡೆ ನೋಡಿ, ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಿಸಿಲು ಏರುತ್ತಿತ್ತು. ತಳದಲ್ಲಿ ಎಲ್ಲೋ ಮೊದಲನೆಯ ಕಲ್ಲು ಹೊರಳಿತು.

"ಮನೆಗೆ ಹೋಗೋಣ ಅಜ್ಜಿ" ಎಂದಳು. "ಅಮ್ಮನ ಹತ್ರ."